ಎಲೆ ಕುಡಿದ ಮಳೆ

ನಾಗರಪಂಚಮಿಯ ದಿನ ಅಕ್ಕನ ಮಗಳು ವನಜ ಅರಶಿನ ಎಲೆಯ ಗಟ್ಟಿ ಮಾಡುತ್ತಾಳೆ. ಅಕ್ಕಿಹಿಟ್ಟನ್ನು ಎಲೆಯ ಮೇಲೆ ತೆಳ್ಳಗೆ ಹಚ್ಚಿ, ಬೆಲ್ಲ ತೆಂಗಿನಕಾಯಿ ಇಟ್ಟು, ಮಡಚಿ ಹಬೆಯಲ್ಲಿ ಬೇಯಿಸುವುದು. ಆ ಹಬೆಯ ಪರಿಮಳ ಜಗಲಿಯವರೆಗೆ ಬಂದ ಕೂಡಲೇ ನಾನು ಎದ್ದು ಹೊರಗೆ ಹೋಗುತ್ತೇನೆ. ಮಳೆ ಬರುತ್ತಿದ್ದರೆ ದನದ ಹಟ್ಟಿಯ ಮಾಡಿನ ಕೆಳಗೆ ನಿಲ್ಲುತ್ತೇನೆ. ‘ಮಾಮನಿಗೆ ಅರಶಿನ ಎಲೆ ಆಗುವುದಿಲ್ಲ, ಪಿತ್ತ ಏರ್ತದೆ’ ಎಂದು ವನಜ ತನ್ನ ಮಕ್ಕಳಿಗೆ ಹೇಳಿಟ್ಟಿದ್ದಾಳೆ. ನನಗೆಂದು ಬಾಳೆ ಎಲೆಯಲ್ಲಿ ಬೇರೆ ಗಟ್ಟಿ ಕಟ್ಟುತ್ತಾಳೆ. ಪಿತ್ತ ಏರುತ್ತದೆ ಎಂದು ಅವಳಿಗೆ ಹೇಳಿದವನು ನಾನೇ. ಅದು ಸುಳ್ಳು. ಆ ಪರಿಮಳ ಬಂದರೆ ನನಗೆ ನಮ್ಮ ಗುಡ್ಡೆಯ ಬದಿ ನೆನಪಾಗುತ್ತದೆ. ನಾನು ಕಡಿದು ಹಾಕಿದ ಅರಶಿನದ ಗಿಡಗಳು ಮಳೆಯಲ್ಲಿ ನೆನೆಯುತ್ತ ಬಿದ್ದಿದ್ದ ದಿನ ಇಡೀ ಗುಡ್ಡೆಗೆ ಇದೇ ವಾಸನೆ ಇತ್ತು.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಮ್ಮ ಮನೆ ಸಿದ್ಧಕಟ್ಟೆಯಿಂದ ಮೂಡುಬಿದಿರೆಗೆ ಹೋಗುವ ದಾರಿಯಿಂದ ಒಳಗೆ, ಒಂದು ಗುಡ್ಡೆಯ ಬುಡದಲ್ಲಿ. ಗುಡ್ಡೆಯ ನೆತ್ತಿ ಬರೀ ಮುರಕಲ್ಲಿನ ಹಾಸು, ಮಳೆಗಾಲದಲ್ಲಿ ಮಾತ್ರ ಹುಲ್ಲು. ಅದರಿಂದ ಕೆಳಗೆ ಇಳಿಜಾರಾದ ಬದಿ. ಬದಿಯ ಕೆಳಗೆ ಒಂದು ಚಿಕ್ಕ ಕೆರೆ. ಕೆರೆಯ ಕೆಳಗೆ ನಮ್ಮ ಗದ್ದೆ. ಕೆರೆಗೆ ನೀರು ಬರುತ್ತಿದ್ದದ್ದು ಬದಿಯ ಬುಡದ ಒಂದು ಒರತೆಯಿಂದ. ಬೆರಳು ಗಾತ್ರದ ನೀರು, ಆದರೆ ಮಳೆ ನಿಂತು ತಿಂಗಳುಗಳು ಕಳೆದರೂ ಬರುತ್ತಿತ್ತು. ಮಳೆಗಾಲದ ಏಣೇಲು ಬೆಳೆಗೆ ಆಕಾಶದ ನೀರು ಸಾಕು. ಅದರ ನಂತರದ ಸುಗ್ಗಿ ಬೆಳೆಗೆ ಈ ಕೆರೆಯೇ ಗತಿ.

ನಮ್ಮಲ್ಲಿ ಮನೆ ಹೆಣ್ಣಿನ ಕಡೆಯಿಂದ ನಡೆಯುವುದು. ಹಕ್ಕು ತಾಯಿಯಿಂದ ಮಗಳಿಗೆ, ಆಡಳಿತ ತಾಯಿಯ ಅಣ್ಣನಿಗೋ ತಮ್ಮನಿಗೋ. ಅಮ್ಮ ತೀರಿಹೋದ ಮೇಲೆ ಮನೆಯ ಹಕ್ಕು ನನ್ನ ಅಕ್ಕ ಕಲ್ಯಾಣಿಯದು, ಆಡಳಿತ ದುಗ್ಗಪ್ಪ ಮಾಮನದು. ಮಾಮನ ನಂತರ ಆಡಳಿತ ನನ್ನದಾಗಬೇಕು. ಅಕ್ಕ ಬೆಳ್ತಂಗಡಿ ಕಡೆಗೆ ಮದುವೆಯಾಗಿ ಹೋದವಳು. ಗಂಡ ಜ್ವರದಲ್ಲಿ ಸತ್ತ ಮೇಲೆ ಇನ್ನೂ ಹಾಲು ಬಿಡದ ವನಜಳನ್ನು ಎತ್ತಿಕೊಂಡು ಮನೆಗೆ ಬಂದಿದ್ದಳು. ನಮ್ಮ ಪದ್ಧತಿಯಲ್ಲಿ ಹಾಗೆ ಬಂದವಳಿಗೆ ಅವಮಾನವಿಲ್ಲ. ಅದು ಅವಳದೇ ಮನೆ.

ಬಂದವಳು ಸುಮ್ಮನೆ ಕೂರಲಿಲ್ಲ. ಅಮ್ಮ ಇದ್ದಾಗ ಗುಡ್ಡೆಯ ಬದಿಯಲ್ಲಿ ಬೆಳೆ ಇತ್ತು, ಆಮೇಲೆ ನಮ್ಮ ಸೋಮಾರಿತನದಲ್ಲಿ ಅರ್ಧಕ್ಕರ್ಧ ಪಾಳು ಬಿದ್ದಿತ್ತು. ಅಕ್ಕ ಅದನ್ನು ಪುನಃ ಎಬ್ಬಿಸಿದಳು. ಮೇಲೆ ಬಾಳೆ, ಅದರ ನೆರಳಲ್ಲಿ ಅರಶಿನ, ಅಂಚಿಗೆ ಕೆಸು, ನಡುವೆ ಅಲ್ಲಲ್ಲಿ ಸುವರ್ಣಗೆಡ್ಡೆ, ಉಳಿದ ಜಾಗಕ್ಕೆಲ್ಲ ಹಬ್ಬಿದ ಕುಂಬಳದ ಬಳ್ಳಿ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬದಿಯಲ್ಲಿ ಮಣ್ಣು ಕಾಣದಾಯಿತು. ಅರಶಿನವನ್ನೂ ಕೆಸುವನ್ನೂ ಮೂಡುಬಿದಿರೆಯ ಸಂತೆಗೆ ಹೊತ್ತುಕೊಂಡು ಹೋಗುತ್ತಿದ್ದಳು. ಅವಳ ಮತ್ತು ಮಗುವಿನ ಬಟ್ಟೆಬರೆ ಅದರಲ್ಲೇ ಆಗುತ್ತಿತ್ತು. ಮಾಮನ ಎದುರು ಕೈ ಚಾಚಿದವಳಲ್ಲ.

ನಾನು ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಬಿಡಬೇಡ ಎಂದು ಹೊಡೆದವಳೂ ಅಕ್ಕನೇ. ಶಾಲೆಯ ಪಾಠಗಳಲ್ಲಿ ನನ್ನ ತಲೆಯಲ್ಲಿ ನಿಂತದ್ದು ಒಂದೇ. ಸಮುದ್ರದ ನೀರು ಬಿಸಿಲಿಗೆ ಆವಿಯಾಗಿ ಮೇಲೆ ಹೋಗುತ್ತದೆ, ಮೋಡವಾಗುತ್ತದೆ, ಮಳೆಯಾಗಿ ಬೀಳುತ್ತದೆ ಎಂದು ಮಾಸ್ತರರು ಬೋರ್ಡಿನಲ್ಲಿ ಸುತ್ತು ಹಾಕಿ ತೋರಿಸಿದ್ದರು. ಬಿದ್ದ ಮೇಲೆ ನೀರು ಎಲ್ಲೆಲ್ಲಿ ಹೋಗುತ್ತದೆ ಎಂದೂ ಅವರು ಹೇಳಿರಬೇಕು. ಅದನ್ನು ನಾನು ಕೇಳಿಸಿಕೊಂಡಿರಲಿಲ್ಲ, ಅಥವಾ ಆ ದಿನ ಶಾಲೆಗೆ ಹೋಗಿರಲಿಲ್ಲ.

ಆ ವರ್ಷದ ಮಳೆಗಾಲದ ಸುರುವಿನಲ್ಲಿ ಒಂದು ದಿನ ಜಿರಿಜಿರಿ ಮಳೆಗೆ ನಾನು ಅಕ್ಕನ ಬಾಳೆಯ ಬುಡದಲ್ಲಿ ನಿಂತಿದ್ದೆ. ಹೊರಗೆ ಅಂಗಳ ಒದ್ದೆಯಾಗಿತ್ತು. ನನ್ನ ಕಾಲಿನ ಕೆಳಗಿನ ನೆಲ ಒಣಗಿತ್ತು. ಅರಶಿನದ ಎಲೆ ಸರಿಸಿ ಮುಟ್ಟಿ ನೋಡಿದೆ, ಅಲ್ಲಿಯೂ ಒಣ ಮಣ್ಣು. ಮಳೆ ನಿಂತು ಬಿಸಿಲು ಬಂದದ್ದೇ ಎಲೆಗಳಿಂದ ಸಣ್ಣಗೆ ಹೊಗೆಯಂತೆ ಆವಿ ಎದ್ದಿತು. ಮಾಸ್ತರರ ಬೋರ್ಡಿನ ಸುತ್ತು ನೆನಪಾಯಿತು. ಬಿದ್ದ ನೀರು ನೆಲ ಮುಟ್ಟದೆ ಎಲೆಯಿಂದಲೇ ವಾಪಸು ಆಕಾಶಕ್ಕೆ ಹೋಗುತ್ತಿದೆ ಎಂದು ನನಗೆ ಅನಿಸಿತು. ನಮ್ಮ ಕೆರೆಯ ನೀರನ್ನು ಈ ಎಲೆಗಳು ಕುಡಿಯುತ್ತಿವೆ.

ಆ ಯೋಚನೆ ನನಗೆ ಯಾಕೆ ಅಷ್ಟು ಹಿಡಿಸಿತು ಎಂದು ಹೇಳುತ್ತೇನೆ. ಸುಗ್ಗಿಯ ನಂತರ ಕೊಳಕೆ ಎಂಬ ಮೂರನೆಯ ಬೆಳೆ ಉಂಟು. ಬೇಸಗೆಯಲ್ಲೂ ನೀರಿರುವ ಗದ್ದೆಯವರು ಮಾತ್ರ ಅದನ್ನು ಮಾಡುವುದು. ಕೊಳಕೆ ಮಾಡುವ ಮನೆಯವನೆಂದರೆ ಊರಿನಲ್ಲಿ ಅವನ ಮಾತಿಗೆ ತೂಕ. ನಮ್ಮ ಕೆರೆ ಸುಗ್ಗಿಗೇ ಸರಿಯಾಗುತ್ತಿತ್ತು. ಮಾಮ ಗದ್ದೆಯ ಹುಣಿಯಲ್ಲಿ ಕುಳಿತು, ‘ಇನ್ನು ಸ್ವಲ್ಪ ನೀರು ಇದ್ದಿದ್ದರೆ’ ಎಂದು ಪ್ರತಿ ವರ್ಷ ಹೇಳುತ್ತಿದ್ದರು. ಆ ಸ್ವಲ್ಪ ನೀರನ್ನು ತಂದವನು ನಾನಾಗಬೇಕು ಎಂದು ನನಗೆ ಆಸೆಯಾಯಿತು.

ನಾನು ತೆಂಗಿನಕಾಯಿ ತುರಿದು ಮುಗಿದ ಎರಡು ಖಾಲಿ ಗೆರಟೆ ತೆಗೆದುಕೊಂಡು ಒಂದನ್ನು ಅಂಗಳದ ನಡುವೆ ಇಟ್ಟೆ, ಇನ್ನೊಂದನ್ನು ಬದಿಯಲ್ಲಿ ಅರಶಿನದ ಬುಡದಲ್ಲಿ. ನೆರೆಮನೆಯ ಲೂವಿಸ್ ಪೊರ್ಬುಗಳು, ಕ್ರಿಸ್ತಿಯನ್ನರನ್ನು ನಮ್ಮಲ್ಲಿ ಗೌರವದಿಂದ ಕರೆಯುವುದು ಹಾಗೆ, ಕೊಡೆ ಹಿಡಿದುಕೊಂಡು ದಾರಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು.

‘ಎಂತ ಬಾಬು, ಕಳ್ಳು ಇಳಿಸುವ ಅಂದಾಜಾ? ಮರಕ್ಕೆ ಕಟ್ಟುವುದು ಮಾರಾಯ ಅದನ್ನು. ನೆಲದಲ್ಲಿ ಇಟ್ಟರೆ ಇರುವೆ ಮಾತ್ರ ಬರ್ತದೆ.’

‘ಮಳೆ ಅಳೆಯುವುದು ಪೊರ್ಬುಳೇ.’

‘ಮಳೆ ಅಳೆದು ಯಾರಿಗೆ ಮಾರ್ತಿ? ನನಗಂತೂ ಬೇಡ. ನನ್ನ ಮನೆಯ ಒಳಗೇ ಸೋರ್ತಾ ಉಂಟು, ಬೇಕಾದಷ್ಟು.’

ಮಳೆ ಬಂದು ಹೋದ ಮೇಲೆ ನೋಡಿದರೆ ಅಂಗಳದ ಗೆರಟೆ ತುಂಬಿ ಚೆಲ್ಲಿತ್ತು. ಅರಶಿನದ ಬುಡದ್ದರಲ್ಲಿ ತಳ ಮುಚ್ಚುವಷ್ಟು. ಎರಡನ್ನೂ ಅಕ್ಕನ ಎದುರು ತಂದು ಇಟ್ಟೆ. ಅವಳು ಗೊರಬೆ ಬೆನ್ನಿಗೆ ಹಾಕಿಕೊಂಡು ನೇಜಿ ನೆಡಲು ಹೊರಟಿದ್ದಳು. ಎಲೆಯಿಂದ ಹೆಣೆದ ಆ ಉದ್ದದ ಮರೆಯನ್ನು ಈಗಿನವರು ನೋಡಿರಲಿಕ್ಕಿಲ್ಲ. ತಲೆಯಿಂದ ಸೊಂಟದ ಕೆಳಗಿನವರೆಗೆ ಬೆನ್ನನ್ನು ಮುಚ್ಚುತ್ತದೆ, ಬಗ್ಗಿ ನಾಟಿ ಮಾಡುವಾಗ ಮಳೆ ಅದರ ಮೇಲೆ ಬಿದ್ದು ಜಾರುತ್ತದೆ.

‘ನೋಡು’ ಎಂದೆ. ‘ನಿನ್ನ ಎಲೆಗಳು ಮಳೆಯನ್ನು ಕುಡೀತಾ ಇವೆ. ನೆಲಕ್ಕೆ ಬರುವುದು ಇಷ್ಟೇ.’

ಅವಳು ಎರಡೂ ಗೆರಟೆಗಳನ್ನು ನೋಡಿದಳು. ‘ಹೌದಲ್ಲ’ ಎಂದಳು. ಅವಳಿಗೂ ಆಶ್ಚರ್ಯವಾಗಿತ್ತು. ಆಮೇಲೆ, ‘ಆದರೆ ಗೆರಟೆಗೆ ಅಡಿ ಉಂಟು ಬಾಬು. ನೆಲಕ್ಕೆ ಇಲ್ಲ’ ಎಂದಳು.

‘ಹಾಗೆಂದರೆ ಎಂತ?’

‘ಎಂತ ಅಂತ ನನಗೂ ಗೊತ್ತಿಲ್ಲ. ಅಮ್ಮ ಬದಿಯನ್ನು ಬತ್ತಲೆ ಬಿಡ್ತಿರಲಿಲ್ಲ, ನಾನೂ ಬಿಡುವುದಿಲ್ಲ. ನನ್ನ ಬೆನ್ನಿಗೆ ಗೊರಬೆ ಬೇಕಾದರೆ ಅದಕ್ಕೂ ಒಂದು ಬೇಡವಾ?’ ಎಂದು ನಗುತ್ತ ಗದ್ದೆಗೆ ಇಳಿದಳು.

ನಾನು ಮಾಮನಿಗೆ ಗೆರಟೆಗಳನ್ನು ತೋರಿಸಿದೆ. ಮಾಮ ಅವುಗಳನ್ನು ಕೈಯಲ್ಲಿ ಹಿಡಿದು ತೂಗಿದರು. ‘ಇವಳ ಕೆಸುವಿನ ಪಾಲಿಗೆ ಇಷ್ಟು ನೀರಾ?’ ಎಂದರು. ‘ನೀನು ಐದನೇ ಕ್ಲಾಸು ಕಲಿತದ್ದು ದಂಡ ಆಗಲಿಲ್ಲ ನೋಡು.’ ನನ್ನನ್ನು ಅವರು ಹೊಗಳಿದ್ದು ಅದೇ ಮೊದಲು.

ಆದರೂ ಅಕ್ಕ ಇರುವಾಗ ಬದಿಗೆ ಕತ್ತಿ ತಾಗಿಸುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಆಟಿ ತಿಂಗಳಲ್ಲಿ, ಮಳೆ ಜೋರಾಗಿ ಹೊಯ್ಯುತ್ತಿದ್ದಾಗ, ಬೆಳ್ತಂಗಡಿಯಿಂದ ಅವಳ ಅತ್ತೆ ತೀರಿಕೊಂಡ ಸುದ್ದಿ ಬಂತು. ಉತ್ತರಕ್ರಿಯೆಯ ಬೊಜ್ಜ ಮುಗಿಸಿ ಬರುತ್ತೇನೆಂದು ಮಗುವನ್ನು ಎತ್ತಿಕೊಂಡು ಅಕ್ಕ ಹೋದಳು. ಹೋದವಳು ಬೇಗ ಬರಲಾಗಲಿಲ್ಲ. ನಡುವಿನ ತೋಡಿನ ಮರದ ಸಂಕ ನೆರೆಗೆ ಕೊಚ್ಚಿಹೋಗಿ ಆಚೆಯವರು ಆಚೆ, ಈಚೆಯವರು ಈಚೆ ನಿಂತರು.

ನಾನು ಕತ್ತಿ ಮಸೆದೆ. ಬಾಳೆ ಉರುಳಿಸಿದೆ. ಕೆಸು ಕೊಚ್ಚಿದೆ. ಅರಶಿನಕ್ಕೆ ಇನ್ನೂ ಗೆಡ್ಡೆ ಕಟ್ಟಿರಲಿಲ್ಲ, ಬುಡದಲ್ಲಿ ಕಡಿದೆ. ಕುಂಬಳದ ಬಳ್ಳಿಯನ್ನು ಎಳೆದು ಚಾಪೆಯಂತೆ ಸುತ್ತಿ ಕೆಳಗೆ ತಳ್ಳಿದೆ. ಮಾಮ ಕೊಡೆ ಹಿಡಿದುಕೊಂಡು ಕೆಳಗೆ ನಿಂತಿದ್ದರು. ಎರಡು ದಿನದಲ್ಲಿ ಇಡೀ ಬದಿ ಕೆಂಪಗೆ ಕಂಡಿತು. ಅರಶಿನ ಎಲೆಯ ವಾಸನೆ ಮನೆಯ ಒಳಗೂ ತುಂಬಿತ್ತು.

ಅದರ ಮೇಲೆ ಬಂದ ಮಳೆಯನ್ನು ನಾನು ಜಗಲಿಯಿಂದ ನೋಡಿದೆ. ನೆಲಕ್ಕೆ ಹನಿ ಬಿದ್ದ ಕಡೆಯಲ್ಲೆಲ್ಲ ಮಣ್ಣು ಹಾರುತ್ತಿತ್ತು. ಕೆಂಪು ನೀರು ಬೆರಳು ಬೆರಳಾಗಿ ಇಳಿಯಿತು, ಆ ಬೆರಳುಗಳು ಸೇರಿ ಕಾಲುವೆಯಾಯಿತು. ಕೆರೆ ಒಂದೇ ದಿನದಲ್ಲಿ ತುಂಬಿ ಕೋಡಿ ಹೋಯಿತು. ಹಿಂದೆ ಅದು ತುಂಬಲು ಆಟಿ ಕಳೆದು ಸೋಣ ಬರಬೇಕಿತ್ತು. ಮಾಮ ಕೆರೆಯ ದಂಡೆಗೆ ಹೋಗಿ ನಿಂತು ನೋಡಿ ಬಂದರು. ‘ಈ ವರ್ಷ ಕೊಳಕೆಗೆ ಬೀಜ ಎತ್ತಿಡುವ’ ಎಂದರು. ನಾನು ಉಂಡದ್ದು ಆ ದಿನ ಹೊಟ್ಟೆ ತುಂಬ.

ಅಕ್ಕ ಬಂದದ್ದು ಒಂದು ಮಧ್ಯಾಹ್ನ. ನಮ್ಮಲ್ಲಿ ಸಾವಿನ ಮನೆಯಿಂದ ಬಂದವರು ಮೊದಲು ಮೀಯಬೇಕು, ಮಿಂದ ಮೇಲೆಯೇ ಇನ್ನೊಂದನ್ನು ಮುಟ್ಟುವುದು. ನಾನು ಅಂಗಳದಲ್ಲಿ ಹುಲ್ಲು ಒಟ್ಟುತ್ತಿದ್ದೆ. ದಣಪೆ ದಾಟಿ ಬಂದವಳು ಬದಿಯನ್ನು ನೋಡಿ ನಿಂತಳು. ಮಗುವನ್ನು ನನ್ನ ಕೈಗೆ ಕೊಟ್ಟಳು. ನೇರ ಕೆರೆಯ ಕಡೆಗೆ ನಡೆದಳು. ‘ಅಕ್ಕ, ಮೀಯದೆ ಅಲ್ಲಿಗೆ ಹೋಗ್ಬೇಡ’ ಎಂದು ಕರೆದೆ. ಕೇಳಿಸಿತೋ ಇಲ್ಲವೋ. ಸೀರೆ ಎತ್ತಿ ಕಟ್ಟಿ ಕೆರೆಗೆ ಇಳಿದಳು. ಒರತೆ ಇದ್ದ ಮೂಲೆಗೆ ಹೋಗಿ ಕಾಲು ಊರಿದಳು. ಕಾಲು ಮೊಣಗಂಟಿನವರೆಗೆ ಕೆಸರಿನಲ್ಲಿ ಹೂತಿತು. ಬಗ್ಗಿ ಕೈಯಿಂದ ಕೆಸರು ತೋಡಿದಳು, ತೋಡಿದಷ್ಟೂ ಬಂದು ಕೂಡುತ್ತಿತ್ತು.

ಮೇಲೆ ಬಂದು, ‘ಒರತೆಯ ಬಾಯಿ ಸಿಕ್ಕುವುದಿಲ್ಲ’ ಎಂದಳು.

‘ಕೆರೆ ತುಂಬಿದೆಯಲ್ಲ.’

‘ತುಂಬಿದೆ.’

ಬೈಯಲಿಲ್ಲ. ಕಡಿದು ಬಿದ್ದ ರಾಶಿಯಿಂದ ಬದುಕಬಹುದಾದ ಅರಶಿನದ ಬುಡಗಳನ್ನು ಆರಿಸಿ ಹಿತ್ತಿಲಿಗೆ ತಂದಳು. ಅವು ಬದುಕಲಿಲ್ಲ.

ಏಣೇಲು ಕೊಯ್ದೆವು. ಕೆರೆಯ ತುಂಬ ನೀರು ನೋಡಿ ಧೈರ್ಯದಲ್ಲಿ ಸುಗ್ಗಿ ನೆಟ್ಟೆವು, ಪ್ರತಿ ವರ್ಷ ಬಿಡುತ್ತಿದ್ದ ಮೇಲಿನ ಗದ್ದೆಗೂ ಸೇರಿಸಿ. ಮಳೆ ನಿಂತಿತು. ಏತ ಹಾಕಿ ನೀರೆತ್ತಲು ಸುರು ಮಾಡಿದ ಮೇಲೆ ಕೆರೆ ಇಳಿಯುವ ಚಂದ ನೋಡಿ ನನಗೆ ಹೆದರಿಕೆಯಾಯಿತು. ಹಿಂದಿನ ವರ್ಷಗಳಲ್ಲಿ ಸಂಜೆ ಎತ್ತಿದ ನೀರು ಬೆಳಿಗ್ಗೆಗೆ ಅರ್ಧವಾದರೂ ಪುನಃ ಬಂದು ನಿಲ್ಲುತ್ತಿತ್ತು. ಈ ಸಲ ಸಂಜೆ ಎಲ್ಲಿತ್ತೋ ಬೆಳಿಗ್ಗೆಯೂ ಅಲ್ಲೇ. ಬದಿಯ ನೆಲ ಹಂಚಿನಂತೆ ಗಟ್ಟಿಯಾಗಿತ್ತು. ಹಾರೆ ಹಾಕಿದರೆ ಕೆಳಗಿನ ಮಣ್ಣು ಬೂದಿಯ ಹಾಗೆ ಒಣಗಿತ್ತು. ಅಷ್ಟು ಮಳೆ ಹೊಯ್ದ ಗುಡ್ಡೆಯ ಒಳಗೆ ಒಂದು ತೊಟ್ಟು ಇಳಿದಿರಲಿಲ್ಲ.

ನನಗೆ ಆಗ ತಿಳಿಯಿತು. ಸಣ್ಣ ಮಳೆಯನ್ನು ಎಲೆ ಕುಡಿದು ಆಕಾಶಕ್ಕೆ ಬಿಡುತ್ತದೆ, ಅಷ್ಟು ಸರಿ. ಆದರೆ ಆಟಿಯ ಮಳೆಯ ಪೆಟ್ಟನ್ನು ತಿನ್ನುವುದೂ ಅದೇ ಎಲೆ. ಬಾಳೆಗೆ ಬಿದ್ದದ್ದು ಅದರ ದಂಟಿನ ಬದಿಯಿಂದ ಇಳಿದು ಬುಡ ಸೇರುತ್ತದೆ, ಅರಶಿನಕ್ಕೆ ಬಿದ್ದದ್ದು ತೊಟ್ಟಿನ ಗೀರಿನಲ್ಲಿ ಹರಿದು ಗೆಡ್ಡೆಯ ಸುತ್ತ ಇಂಗುತ್ತದೆ. ಬೇರು ಹೋದ ದಾರಿಯಲ್ಲಿ ನೀರೂ ಹೋಗುತ್ತದೆ. ನಮ್ಮ ಒರತೆ ಮಕರ ತಿಂಗಳಲ್ಲಿ ಕೊಡುತ್ತಿದ್ದದ್ದು ಹಾಗೆ ಮೆಲ್ಲ ಇಳಿದ ಆಟಿಯ ನೀರನ್ನು. ನನ್ನ ಗೆರಟೆಯಲ್ಲಿ ಅದು ಯಾವುದೂ ಕಾಣುವುದಿಲ್ಲ. ದಂಟಿನಿಂದ ಇಳಿದ ನೀರು ಗೆರಟೆಯ ಪಕ್ಕದಲ್ಲೇ ನೆಲಕ್ಕೆ ಹೋಗಿತ್ತು.

ತಿಳಿದದ್ದನ್ನು ನಾನು ಯಾರಿಗೂ ಹೇಳಲಿಲ್ಲ.

ತೆನೆ ಹೊರಡುವ ಹೊತ್ತಿಗೆ ಕೆರೆಯ ತಳ ಬಿರಿಯಿತು. ಪೈರು ಹಾಲು ಕಟ್ಟದೆ ಬೆಳ್ಳಗಾಯಿತು. ಕೊಳಕೆಗೆಂದು ಎತ್ತಿಟ್ಟ ಬೀಜವನ್ನು ಕುಟ್ಟಿ ಗಂಜಿ ಬೇಯಿಸಿದೆವು. ಎಷ್ಟೋ ತಲೆಮಾರುಗಳಿಂದ ಬತ್ತದ ಒರತೆ ಬತ್ತಿತೆಂದರೆ ಅದು ದೈವದ ಮುನಿಸೇ ಇರಬೇಕೆಂದು ಊರಿನವರು ಹೇಳಿದರು. ಮಾಮ ಪ್ರಶ್ನೆ ಇಡುವವರನ್ನು ಮನೆಗೆ ಕರೆಸಿದರು.

ಜಗಲಿಯಲ್ಲಿ ಮಣೆ ಹಾಕಿ ಅವರು ಕವಡೆ ಹರಡಿದರು. ಮಾಮ ಎದುರು ಕೂತಿದ್ದರು, ನಾನು ಕಂಬಕ್ಕೆ ಒರಗಿ. ಅಕ್ಕ ಒಳಬಾಗಿಲಲ್ಲಿ ಮಗುವನ್ನು ಸೊಂಟದಲ್ಲಿಟ್ಟುಕೊಂಡು ನಿಂತಿದ್ದಳು. ತುಂಬ ಹೊತ್ತು ಕವಡೆ ಸರಿಸಿದ ಮೇಲೆ ಅವರು, ‘ನೀರಿಗೆ ಮೈಲಿಗೆ ತಾಗಿದ ಹಾಗೆ ಕಾಣ್ತದೆ. ಸಾವಿನದು. ಯಾರಾದರೂ ಇಳಿದದ್ದು ಉಂಟಾ?’ ಎಂದು ಕೇಳಿದರು.

‘ನನಗೆ ಗೊತ್ತಿದ್ದ ಹಾಗೆ ಇಲ್ಲ’ ಎಂದರು ಮಾಮ.

ಅಲ್ಲಿಗೆ ಬಿಡಬಹುದಿತ್ತು. ಕಂಡವನು ನಾನೊಬ್ಬನೇ. ಮಾಮ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಏನೋ ಇತ್ತು. ಇನ್ನು ಸ್ವಲ್ಪ ಹೊತ್ತಾದರೆ ಅವರು ಬದಿಯ ಮಾತೆತ್ತುತ್ತಾರೆ, ಗೆರಟೆಯ ಮಾತೆತ್ತುತ್ತಾರೆ ಎಂದು ನನಗೆ ಅನಿಸಿತು. ಬಾಯಿ ತಾನಾಗಿ ತೆರೆಯಿತು.

‘ಅಕ್ಕ ಇಳಿದಿದ್ದಳು’ ಎಂದೆ. ‘ಬೊಜ್ಜದಿಂದ ಬಂದವಳು, ಮೀಯದೆ.’

ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅಕ್ಕ ನನ್ನನ್ನು ನೋಡಿದಳು. ಯಾಕೆ ಇಳಿದೆ ಎಂದು ಅವಳು ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ನಾನು ಕಾದೆ. ಮಾಮ, ‘ಹೌದಾ ಕಲ್ಯಾಣಿ?’ ಎಂದರು. ‘ಹೌದು’ ಎಂದಳು. ನನ್ನನ್ನೇ ನೋಡುತ್ತಿದ್ದಳು. ಉಳಿದರ್ಧವನ್ನು ಹೇಳುವ ಅವಕಾಶವನ್ನು ನನಗೆ ಬಿಟ್ಟಿದ್ದಳು ಎಂದು ಈಗ ನನಗೆ ಕಾಣುತ್ತದೆ. ನಾನು ಕಂಬದ ಬುಡ ನೋಡುತ್ತ ನಿಂತೆ.

ತಪ್ಪುಕಾಣಿಕೆ ಇಡಿಸಿದರು. ಇನ್ನು ಮುಂದೆ ಅವಳೂ ಅವಳ ಸಂತತಿಯೂ ಆ ಕೆರೆಯ ಮೆಟ್ಟಿಲು ಇಳಿಯಬಾರದು, ನೀರು ಮುಟ್ಟಬಾರದು ಎಂದಾಯಿತು. ಹಕ್ಕಿನಲ್ಲಿ ಕೆರೆ ಅವಳದು, ಮುಟ್ಟಬಾರದವಳೂ ಅವಳೇ. ಕೆರೆ ಮುಟ್ಟಬಾರದ ಮೇಲೆ ಗದ್ದೆ ಕೆಲಸವಿಲ್ಲ, ಬದಿಯಲ್ಲಿ ನೆಡಲು ಏನೂ ಇಲ್ಲ. ಬೇಸಗೆ ಮುಗಿಯುವ ಮೊದಲು ಒಂದು ಬೆಳಿಗ್ಗೆ ಅವಳು ಟ್ರಂಕು ಕಟ್ಟಿದಳು. ಫರಂಗಿಪೇಟೆಯಲ್ಲಿ ಅವಳ ಗಂಡನ ಕಡೆಯ ಒಬ್ಬಳು ಬೀಡಿ ಕಟ್ಟಿ ಬದುಕುತ್ತಿದ್ದಳು, ಅಲ್ಲಿಗೆ.

ಬಸ್ಸಿನವರೆಗೆ ಟ್ರಂಕು ಹೊತ್ತವನು ನಾನು. ದಾರಿಯಲ್ಲಿ ಲೂವಿಸ್ ಪೊರ್ಬುಗಳು ಸಿಕ್ಕಿದರು. ತಮಾಷೆ ಮಾಡುವ ಮನುಷ್ಯ, ಆ ದಿನ ಟೊಪ್ಪಿ ತೆಗೆದು ನಿಂತರು. ಬಸ್ಸು ಬಂದಾಗ ಅಕ್ಕ, ‘ಆ ಗೆರಟೆ ಎರಡೂ ಹಟ್ಟಿಯ ಹಿಂದೆ ಉಂಟು. ವನಜನಿಗೆ ಆಡ್ಲಿಕ್ಕೆ ಆಗ್ತಿತ್ತು, ಮರೆತೆ’ ಎಂದಳು. ಅವಳಿಗೆ ಸಿಟ್ಟಿದ್ದರೆ ಅದು ಇಷ್ಟರಲ್ಲೇ ಇತ್ತು.

ಮುಂದಿನ ಮಳೆಗಾಲಕ್ಕೆ ನಾನು ಬದಿಯಲ್ಲಿ ನೆಡಲು ಸುರು ಮಾಡಿದೆ. ಯಾರೂ ಹೇಳಲಿಲ್ಲ, ನಾನೂ ಯಾರಿಗೂ ಹೇಳಲಿಲ್ಲ. ಮೊದಲು ಏನೂ ಹಿಡಿಯಲಿಲ್ಲ. ಕೆರೆಯ ಕೆಸರನ್ನೇ ಬುಟ್ಟಿಯಲ್ಲಿ ಹೊತ್ತು ಪುನಃ ಮೇಲೆ ಹಾಕಿದೆ. ನನ್ನಿಂದ ಇಳಿದ ಮಣ್ಣು, ನನ್ನ ತಲೆಯ ಮೇಲೆಯೇ ವಾಪಸು. ಹುರುಳಿ ಹಬ್ಬಿಸಿದೆ, ಆಮೇಲೆ ಕೆಸು, ಆಮೇಲೆ ಬಾಳೆ, ಕೊನೆಗೆ ಅರಶಿನ. ಮಳೆ ಬಂದಾಗ ಅದರ ಅಡಿಯಲ್ಲಿ ಹೋಗಿ ಕೂರುತ್ತಿದ್ದೆ. ಮೊದಲ ಹನಿಗಳು ಎಲೆಯಲ್ಲೇ ನಿಲ್ಲುತ್ತಿದ್ದವು. ಮತ್ತೆ ದಂಟಿನ ಬದಿಯಿಂದ ನೀರು ಮೆಲ್ಲ ಇಳಿಯುತ್ತಿತ್ತು. ಹಲವು ಮಳೆಗಾಲ ಕಳೆದ ಮೇಲೆ ಒಂದು ಮಕರ ತಿಂಗಳಲ್ಲಿ ಕೆರೆಯ ಮೂಲೆಯಲ್ಲಿ ಮಣ್ಣು ಒದ್ದೆಯಾಗಿ ಕಂಡಿತು. ತೋಡಿದೆ. ಒರತೆಯ ಬಾಯಿ ಸಿಕ್ಕಿತು.

ಸುದ್ದಿ ಊರಿಗೆಲ್ಲ ಹೋಯಿತು. ಮಾಮ ದೈವಕ್ಕೆ ತಂಬಿಲದ ಸೇವೆ ಮಾಡಿಸಿದರು. ಬಂದವರು ಕೆರೆಯನ್ನು ನೋಡಿ ಹೋದರು. ಬದಿಯನ್ನು ಒಬ್ಬರೂ ನೋಡಲಿಲ್ಲ. ‘ನೋಡಿದ್ರಾ, ಅವಳು ಮನೆ ಬಿಟ್ಟದ್ದೇ ನೀರು ಬಂತು’ ಎಂದು ಊಟದ ಪಂಕ್ತಿಯಲ್ಲಿ ಒಬ್ಬರು ಹೇಳಿದರು. ‘ಪ್ರಶ್ನೆಯಲ್ಲಿ ಬಂದದ್ದು ತಪ್ಪುವುದುಂಟಾ?’ ಎಂದರು ಮಾಮ. ನಾನು ಸಾರು ಬಡಿಸುತ್ತಿದ್ದೆ. ಬಡಿಸಿ ಮುಂದಿನ ಎಲೆಗೆ ಹೋದೆ.

ಆ ವರ್ಷದ ಪಂಚಮಿಗೆ ಒಂದು ಕಟ್ಟು ಅರಶಿನ ಎಲೆ ತೆಗೆದುಕೊಂಡು ಫರಂಗಿಪೇಟೆಗೆ ಹೋದೆ. ರಸ್ತೆಯ ಹಿಂದೆ, ಹೊಳೆಯ ಕಡೆಗೆ, ಒಂದು ಕೋಣೆ. ಅಕ್ಕ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಎಲೆ ಕತ್ತರಿಸುತ್ತಿದ್ದಳು. ತುಂಬ ತೆಳ್ಳಗಾಗಿದ್ದಳು, ಕೆಮ್ಮು ಇತ್ತು. ವನಜ ಶಾಲೆಗೆ ಹೋಗಿದ್ದಳು. ನಾನು ಕಟ್ಟನ್ನು ಎದುರಿಗಿಟ್ಟೆ. ಅವಳು ಒಂದು ಎಲೆ ತೆಗೆದು ಹಿಂದೆ ಮುಂದೆ ತಿರುಗಿಸಿ ನೋಡಿದಳು.

‘ಬದಿಯದ್ದಾ?’

‘ಹೌದು.’

‘ಒಳ್ಳೆ ಅಗಲ ಬಂದಿದೆ.’ ಎಲೆಯನ್ನು ಪುನಃ ಕಟ್ಟಿಗೆ ಸೇರಿಸಿ, ‘ಒರತೆ?’ ಎಂದಳು.

‘ಬಂತು ಅಕ್ಕ. ಕಳೆದ ಮಕರದಲ್ಲಿ. ತಂಬಿಲವೂ ಆಯಿತು.’

‘ಹಾಗಾದರೆ ಮಾಮನಿಗೆ ಹೇಳಿದೆಯಾ, ಬದಿ ನೆಟ್ಟ ಕಾರಣ ಬಂತು ಅಂತ?’

ನಾನು ಎಲೆಯ ಕಟ್ಟಿನ ಬಳ್ಳಿ ಬಿಗಿ ಮಾಡಿದೆ. ಅವಳು ಕತ್ತರಿ ಕೆಳಗಿಟ್ಟಳು.

‘ಹಾಗಾದರೆ ನಾನು ಹೋದ ಕಾರಣ ಬಂತು ಅಂತ ಆಯಿತು’ ಎಂದಳು. ದನಿಯಲ್ಲಿ ಏನೂ ಇರಲಿಲ್ಲ, ಲೆಕ್ಕ ಕೂಡಿಸಿ ಹೇಳಿದ ಹಾಗೆ. ‘ಅದು ಬತ್ತಿಯೇ ಇದ್ದಿದ್ದರೆ ನನ್ನ ಮೇಲೆ ಸಂಶಯ ಮಾತ್ರ ಇರ್ತಿತ್ತು ಬಾಬು.’

ಆಮೇಲೆ ನನಗೆ ಚಹಾ ಮಾಡಿ ಕೊಟ್ಟಳು. ಎಲೆಯ ಕಟ್ಟನ್ನು ವಾಪಸು ನನ್ನ ಚೀಲದಲ್ಲಿ ಇಟ್ಟಳು. ‘ಇಲ್ಲಿ ಅಕ್ಕಿ ಅರೆಯುವ ಕಲ್ಲು ಇಲ್ಲ’ ಎಂದಳು. ಕಲ್ಲು ಬಾಗಿಲ ಹತ್ತಿರವೇ ಇತ್ತು. ಬಸ್ಸಿನಲ್ಲಿ ಬರುವಾಗ ಆ ಎಲೆಗಳ ವಾಸನೆಗೆ ಪಕ್ಕದಲ್ಲಿ ಕೂತವರು, ‘ಪಂಚಮಿ ಜೋರಾ?’ ಎಂದು ಕೇಳಿದರು.

ಅವಳು ಮುಂದಿನ ಮಳೆಗಾಲ ನೋಡಲಿಲ್ಲ. ಮಾಮ ಇನ್ನೂ ಹಲವು ವರ್ಷ ಬದುಕಿದರು. ಅವರಿಗೆ ನಾನು ಹೇಳಲೇ ಇಲ್ಲ. ಅವರು ಹೋದ ಮೇಲೆ, ಅಲ್ಲಿಯವರೆಗೆ ಫರಂಗಿಪೇಟೆಯಲ್ಲಿ ತಂದೆಯ ಕಡೆಯ ಆ ನೆಂಟಳ ಹತ್ತಿರವೇ ಬೆಳೆದ ವನಜಳನ್ನು ಹಕ್ಕಿನವಳೆಂದು ಕರೆತಂದೆ, ಮದುವೆ ಮಾಡಿಸಿದೆ, ಇದೇ ಮನೆಯಲ್ಲಿ ಅವಳ ಸಂಸಾರವಾಯಿತು. ಬಂದ ಮೊದಲ ದಿನವೇ ಅವಳು ಕೇಳಿದ್ದು, ‘ಮಾಮ, ನಾನು ಇಳಿಯಬಾರದ ಕೆರೆ ಯಾವುದು?’ ಎಂದು. ಅಕ್ಕ ಅದನ್ನು ಹೇಳಿಕೊಟ್ಟಿದ್ದಳು, ಕಾರಣ ಹೇಳಿಕೊಟ್ಟಿರಲಿಲ್ಲ. ನಾನು ಕೈ ತೋರಿಸಿದೆ. ಆಗಲೂ ಹೇಳಬಹುದಿತ್ತು. ಅವಳು ಬಾವಿ ತೋಡಿಸಿಕೊಂಡಳು. ಬಟ್ಟೆ ಒಗೆಯಲೂ ಕೆರೆಯ ಕಡೆಗೆ ಹೋದವಳಲ್ಲ. ಅವಳ ಮಕ್ಕಳು ಈಜು ಕಲಿತದ್ದು ಬೇರೆಯವರ ಕೆರೆಯಲ್ಲಿ.

ಈ ವರ್ಷದ ಪಂಚಮಿಯಂದು ನಾನು ಹಟ್ಟಿಗೆ ಹೋಗದೆ ಅಡುಗೆಮನೆಗೆ ಹೋದೆ. ನನಗೂ ಅರಶಿನ ಎಲೆಯದ್ದೇ ಕೊಡು ಎಂದೆ. ‘ಪಿತ್ತ?’ ಎಂದಳು. ಪಿತ್ತ ಇಲ್ಲ ಎಂದು ಹೇಳಿ, ಮಣೆಯ ಮೇಲೆ ಕುಳಿತು, ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಗೆರಟೆಯಿಂದ ಸುರು ಮಾಡಿ ಫರಂಗಿಪೇಟೆಯ ಚಹಾದವರೆಗೆ. ವನಜ ಎಲೆಗೆ ಹಿಟ್ಟು ಹಚ್ಚುವುದನ್ನು ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೆಯೂ ಇನ್ನೊಂದು ಎಲೆ ಹಚ್ಚಿ ಮಡಚಿದಳು.

‘ಈಗ ಯಾರಿಗೆ ಹೇಳ್ತೀರಿ ಮಾಮ?’ ಎಂದಳು. ‘ಇದನ್ನು ಕೇಳಬೇಕಾದವರು ಯಾರು ಉಂಟು ಈಗ?’

‘ನೀನಿದ್ದಿಯಲ್ಲ.’

ಬಿಸಿ ಗಟ್ಟಿಯನ್ನು ನನ್ನ ಎದುರು ಇಟ್ಟು ಒಳಗೆ ಹೋದಳು. ನಾನು ಎಲೆ ಬಿಡಿಸಿದೆ, ತಿನ್ನಲಾಗಲಿಲ್ಲ.

ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಿತ್ತು. ಜಗಲಿಯಲ್ಲಿ ಕೂತಿದ್ದಾಗ ವನಜ ಸೊಂಟದಲ್ಲಿ ಕೊಡಪಾನ ಇಟ್ಟುಕೊಂಡು ಅಂಗಳಕ್ಕೆ ಇಳಿದಳು. ಬಾವಿಯ ಕಡೆಗೆ ತಿರುಗಲಿಲ್ಲ. ಬದಿಯ ಕೆಳಗಿನ ದಾರಿ ಹಿಡಿದಳು. ಬಾಳೆಯ ಮರೆಯಲ್ಲಿ ಅವಳ ಸೀರೆಯ ಬಣ್ಣ ಅಲ್ಲಲ್ಲಿ ಕಂಡಿತು. ಕೆರೆಯ ದಂಡೆಯಲ್ಲಿ ನಿಂತಳು. ಮೊದಲ ಮೆಟ್ಟಿಲಿನ ಹತ್ತಿರ ಹೋದಳು. ನಾನು ಎದ್ದು ನಿಂತಿದ್ದೆ, ಜಗಲಿಯ ಕಂಬ ಹಿಡಿದುಕೊಂಡು.

ತುಂಬ ಹೊತ್ತು ಅವಳು ಅಲ್ಲಿಯೇ ನಿಂತಿದ್ದಳು. ಪುನಃ ಮಳೆ ಸುರುವಾಯಿತು, ಮೊದಲು ಬಾಳೆಗೆ, ಆಮೇಲೆ ಅರಶಿನಕ್ಕೆ. ಅವಳು ತಿರುಗಿ ಅದೇ ದಾರಿಯಲ್ಲಿ ಬಂದಳು. ನನ್ನನ್ನು ದಾಟಿಕೊಂಡು ಒಳಗೆ ಹೋಗುವಾಗ ನೋಡಿದೆ. ಸೊಂಟದ ಕೊಡಪಾನ ಹೋಗುವಾಗ ಹೇಗಿತ್ತೋ ಹಾಗೆಯೇ ಖಾಲಿ ಇತ್ತು.